ಅಳದ ಕೂಸಿನ ಮೇಲೆ ಅಕ್ಕನ ಅನುಮಾನ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ, ಮೊದಲ ಪಾಳಿಯ ತಾಯಂದಿರು ತಮ್ಮ ಕೂಸುಗಳನ್ನು ಆಯಾಳ ತೋಳಿಗೆ ದಾಟಿಸುತ್ತಿದ್ದಾರೆ. ಆಕೆ ಪ್ರತಿ ಹಾಲಿನ ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಾರೆ. ಕೂಸಿನ ಕಣ್ಣು ನೋಡುತ್ತಾರೆ, ತೋಳು ತಿರುಗಿಸಿ ನೋಡುತ್ತಾರೆ. ರಾತ್ರಿ ನಿದ್ದೆಗೆಂದು ಏನಾದರೂ ಕುಡಿಸಿದೆಯಾ ಎಂದು ಕೇಳುತ್ತಾರೆ. ಇಲ್ಲವೆಂದರೂ ನಂಬಿದಂತೆ ಕಾಣುವುದಿಲ್ಲ. ಹೊಲಿಗೆಯವರು ಆಕೆಗಿಟ್ಟ ಹೆಸರು ‘ಪತ್ತೇದಾರಿ ಅಕ್ಕ’.

ಗಂಡ ತೀರಿಕೊಂಡ ಮೇಲೆ ಇಲ್ಲೇ ಗುಂಡಿ ಹೊಲಿಯುತ್ತಿದ್ದವರು, ಕಣ್ಣು ಮಂಜಾದಾಗ ಮಕ್ಕಳ ಕೋಣೆಗೆ ಬಂದರು. ಈಗ ಹನ್ನೊಂದು ಕೂಸುಗಳು ಆಕೆಯ ಪಾಲಿಗಿವೆ. ಇಷ್ಟೊಂದು ಸಂಶಯವೇಕೆ ಎಂದರೆ ತಟ್ಟನೆ ಉತ್ತರ ಬರುತ್ತದೆ: “ಕೂಸಿಗೆ ಚಾಡಿ ಹೇಳೋಕೆ ಬರಲ್ವಲ್ಲ. ಅದರ ಪರವಾಗಿ ನಾನೇ ಅನುಮಾನ ಪಡ್ಬೇಕು.”

ಕಳೆದ ವರ್ಷ ಈ ಅನುಮಾನವೇ ಆಕೆಯ ಕೆಲಸಕ್ಕೆ ಸಂಚಕಾರ ತರುವುದರಲ್ಲಿತ್ತು. ಇಸ್ತ್ರಿ ವಿಭಾಗದ ಹುಡುಗಿಯೊಬ್ಬಳು ತನ್ನ ಹತ್ತು ತಿಂಗಳ ಮಗಳನ್ನು ಹೊಸದಾಗಿ ತಂದುಬಿಟ್ಟಳು. ಆ ಮಗು ಅಳುತ್ತಲೇ ಇರಲಿಲ್ಲ. ಬಟ್ಟೆ ಒದ್ದೆಯಾದರೂ ಇಲ್ಲ, ಹಸಿದರೂ ಇಲ್ಲ. ಎಂಥ ಬಂಗಾರದಂಥ ಮಗು ಎಂದು ಎಲ್ಲರೂ ಹೊಗಳಿದರು. ಅಕ್ಕನಿಗೆ ಮಾತ್ರ ಅದು ಸರಿಕಾಣಲಿಲ್ಲ. ಕಿವುಡೇ ಎಂದು ಹಿಂದಿನಿಂದ ತಟ್ಟೆ ಬಡಿದರು, ಮಗು ತಿರುಗಿತು. ಔಷಧಿಯೇ ಎಂದರೆ ಬಾಟಲಿಯಲ್ಲಿ ಹಾಲಿನದಲ್ಲದೆ ಬೇರೆ ವಾಸನೆಯಿಲ್ಲ, ಮಗುವಿಗೆ ಮಂಪರೂ ಇಲ್ಲ. ಸುಮ್ಮನೆ ಗೋಡೆ ನೋಡುತ್ತ ಮಲಗಿರುತ್ತಿತ್ತು.

ಇಷ್ಟು ದಿನ ಯಾರು ನೋಡಿಕೊಳ್ಳುತ್ತಿದ್ದರೆಂದು ತಾಯಿಯನ್ನು ಕೆದಕಿದರು. ತನ್ನ ಚಿಕ್ಕಮ್ಮ ಎಂದಳು. ಚಿಕ್ಕಮ್ಮ ಹೊಡೆಯುತ್ತಾಳೆಯೇ ಎಂದು ಕೇಳಿದ್ದೇ ತಡ, ತಾಯಿ ಮೇಲ್ವಿಚಾರಕರಿಗೆ ದೂರು ಕೊಟ್ಟಳು. ಮಕ್ಕಳನ್ನು ನೋಡಿಕೊಳ್ಳಿ, ಮನೆಗಳನ್ನಲ್ಲ, ಇನ್ನೊಂದು ದೂರು ಬಂದರೆ ಕೆಲಸವಿರುವುದಿಲ್ಲ ಎಂದು ಅವರು ಗದರಿದರು.

ಅಕ್ಕ ಮುಂದಿನ ರಜೆಯ ದಿನ ಹಳೆಯ ಬಟ್ಟೆ ಕೊಡುವ ನೆಪ ಮಾಡಿಕೊಂಡು ಚಿಕ್ಕಮ್ಮನ ಮನೆಗೆ ಹೋದರು. ಅಲ್ಲಿ ರಾಕ್ಷಸಿ ಇರಲಿಲ್ಲ. ಒಂದೇ ಕೋಣೆ, ನೆರೆಯವರ ನಾಲ್ಕು ಕೂಸುಗಳು, ದಿಂಬಿನ ಆಸರೆಯಲ್ಲಿ ಅವುಗಳ ಬಾಯಿಗಿಟ್ಟ ಬಾಟಲಿಗಳು. ಚಿಕ್ಕಮ್ಮ ಗೋಡೆಗೊರಗಿ ಕಾಗದದ ಚೀಲ ಅಂಟಿಸುತ್ತಿದ್ದಳು. ಒಂದು ಕೂಸು ಅಳತೊಡಗಿದಾಗ ತಲೆಯೆತ್ತದೆ ಹೇಳಿದಳು: “ಬಿಡಿ, ಅತ್ತೂ ಅತ್ತೂ ತಾವೇ ಸುಮ್ನಾಗ್ತವೆ. ಅಭ್ಯಾಸ ಮಾಡ್ಸಿದೀನಿ.”

ಅಕ್ಕನಿಗೆ ಉತ್ತರ ಸಿಕ್ಕಿತು. ಕರೆದರೂ ಯಾರೂ ಬರುವುದಿಲ್ಲವೆಂದು ಆ ಮಗು ಕಲಿತುಬಿಟ್ಟಿತ್ತು.

ಅಂದಿನಿಂದ ಅದನ್ನು ಸೊಂಟದಿಂದ ಇಳಿಸಲಿಲ್ಲ. ಅದು ‘ಊಂ’ ಎಂದರೆ ಇವರೂ ‘ಊಂ’ ಎನ್ನುವರು. ತಿಂಗಳಿಗೊಮ್ಮೆ ಬರುವ ಮಕ್ಕಳ ವೈದ್ಯೆ ಪರೀಕ್ಷಿಸಿ, ಇದನ್ನೇ ಮುಂದುವರಿಸಿ ಎಂದರು. ಈ ವಯಸ್ಸಿನ ಮಿದುಳು ಕರೆ ಮತ್ತು ಓಗೊಡುವಿಕೆಯಿಂದಲೇ ಹೆಣೆದುಕೊಳ್ಳುತ್ತದೆ, ತಡವಾಗಿಲ್ಲ ಎಂದು ತಾಯಿಗೂ ತಿಳಿಹೇಳಿದರು. ತಾಯಿ ತಲೆಯಾಡಿಸಿದಳು, ನಂಬಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಇನ್ನೊಂದು ಕೂಸಿಗೆಂದು ಇದನ್ನು ಕೆಳಗಿಳಿಸಿದಾಗ, ಮಗು ಸೂರು ಹಾರುವಂತೆ ಕಿರುಚಿತು. ತಾಯಿ ಓಡಿ ಬಂದು, ಯಾರೋ ಚಿವುಟಿರಬೇಕೆಂದು ಮೈಯೆಲ್ಲ ಹುಡುಕಿದಳು. ಗಾಯವಿರಲಿಲ್ಲ.

“ಯಾರೂ ಏನೂ ಮಾಡಿಲ್ಲಮ್ಮ,” ಎಂದರು ಅಕ್ಕ. “ಅವಳು ಕರೀತಿದಾಳೆ. ಯಾರಾದ್ರೂ ಬರ್ತಾರೆ ಅಂತ ನಂಬ್ಕೊಂಡಿದಾಳೆ.”

ತಾಯಿ ಮಗುವನ್ನು ಅವಚಿಕೊಂಡು ನೆಲದ ಮೇಲೇ ಕುಳಿತುಬಿಟ್ಟಳು.

ಈಗ ಆ ಚಿಕ್ಕಮ್ಮ ಇದೇ ಕೋಣೆಯ ಎರಡನೇ ಆಯಾ. ಕೈಗೆ ಸಹಾಯ ಬೇಕೆಂದು ಹಟ ಹಿಡಿದು ಕರೆತಂದವರು ಅಕ್ಕನೇ. ನಂಬಿಕೆ ಬಂತೇ ಎಂದು ಕೇಳಿದರೆ ದನಿ ತಗ್ಗಿಸುತ್ತಾರೆ: “ಒಳ್ಳೆಯವಳೇ. ಆದ್ರೂ ಒಂದು ಕಣ್ಣಿಟ್ಟಿರ್ತೀನಿ.”

ಇಲ್ಲಿಂದ ಹೋದ ಮಕ್ಕಳು ದಾರಿಯಲ್ಲಿ ಸಿಕ್ಕರೆ ಆಕೆಯನ್ನು ಗುರುತಿಸುತ್ತಾರೆಯೇ? ಅಕ್ಕ ನಗುತ್ತಾರೆ.

“ಒಂದಕ್ಕೂ ನನ್ನ ಮುಖ ನೆನಪಿರಲ್ಲ. ಎಷ್ಟು ಧೈರ್ಯವಾಗಿ ರಸ್ತೇಲಿ ನಡ್ಕೊಂಡು ಹೋಗ್ತವೆ ನೋಡ್ತೀನಿ. ಆ ಧೈರ್ಯ ಎಲ್ಲಿಂದ ಬಂತು ಅಂತ ನಂಗಷ್ಟೇ ಗೊತ್ತಿದ್ರೆ ಸಾಕು.”