ಎಡೆಯ ಮುಂದಿನ ಲ್ಯಾಪ್‌ಟಾಪ್

ಬಬ್ಬೂರಿನ ಅನುಸೂಯಳ ಗಂಡ ಮಾರುತೇಶ್ ತೀರಿಕೊಂಡು ವರ್ಷವಾಗಿತ್ತು. ಪಂಪ್‌ಸೆಟ್ ನಡೆಸುವ ಪುಟ್ಟ ಯಂತ್ರಕ್ಕೆ ಇಬ್ಬರೂ ಸೇರಿ ಪ್ರೋಗ್ರಾಂ ಬರೆಯುತ್ತಿದ್ದರು, ಈಗ ಅವಳೊಬ್ಬಳೇ. ಯಂತ್ರ ಎದುರಿಗಿಲ್ಲದಿದ್ದರೂ ಲ್ಯಾಪ್‌ಟಾಪಿನೊಳಗೆ ಥೇಟ್ ಅದರಂತೆಯೇ ನಡೆಯುವ ಎಮ್ಯುಲೇಟರ್ ಇತ್ತು. ವರ್ಷದ ಎಡೆಯ ದಿನವೂ ಅದನ್ನು ಹೊಸದಾಗಿ ಕಟ್ಟಲು, ಅಂದರೆ ಬಿಲ್ಡ್ ಮಾಡಲು ಕೂತಳು. ಅದರಲ್ಲಿ ಏನೇನು ಬೇಕು, ಏನೇನು ಬೇಡ ಎಂದು ಮೊದಲೇ ಆರಿಸಬೇಕು, ಆಮೇಲೆ ಲ್ಯಾಪ್‌ಟಾಪ್ ತಾನೇ ನಿಧಾನಕ್ಕೆ ಕಟ್ಟಿಕೊಳ್ಳುತ್ತದೆ. ಪರದೆ ಬೇಡ, ನೆಟ್‌ವರ್ಕ್ ಬೇಡ, ಯುಎಸ್‌ಬಿ ಬೇಡ. ಬೇಡ ಅನ್ನುವುದು ಅವಳಿಗೆ ಈಚೆಗೆ ಸಲೀಸಾಗಿತ್ತು.

“ಅವನ ಕೆಲಸದ್ದಲ್ವೇನಮ್ಮ, ಅದನ್ನೂ ಎಡೆ ಮುಂದೆ ಇಡು,” ಎಂದರು ಅತ್ತೆ ಚಂದ್ರಕ್ಕ. ಬಿಲ್ಡ್ ಆಗುತ್ತಿದ್ದ ಲ್ಯಾಪ್‌ಟಾಪನ್ನು ಹಾಗೇ ಎತ್ತಿ ಮುದ್ದೆ, ಕೋಳಿಸಾರಿನ ಪಕ್ಕ ಇಟ್ಟಳು. ಸತ್ತವನು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತರು.

ಒಳಗಿಂದ ‘ಕೀಂ’ ಎಂದಿತು. ಬಿಲ್ಡ್ ಮುಗಿದು ಎಮ್ಯುಲೇಟರ್ ತಾನಾಗಿ ಚಾಲೂ ಆಗಿತ್ತು. ಪಂಪು ಶುರುವಾಗುವಾಗ ಆ ಯಂತ್ರ ಮಾಡುವ ಸದ್ದೇ ಅದು.

“ಬಂದ ಕಣಮ್ಮ, ನನ್ ಮಗ ಬಂದ!” ಚಂದ್ರಕ್ಕ ಅತ್ತರು.

“ಹೂಂ ಅತ್ತೆ,” ಎಂದಳು ಅನುಸೂಯ. ಸದ್ದು ಬೇಡ ಅನ್ನುವುದನ್ನು ಮರೆತೆ, ಇನ್ನು ಮತ್ತೆ ಮೊದಲಿಂದ ಬಿಲ್ಡ್ ಮಾಡಬೇಕು ಎಂದಷ್ಟೇ ಅವಳಿಗೆ ಹೊಳೆಯಿತು.