ಬಿ ವಿಭಾಗದ ಆಯೇರಿ

ಟೀವಿಯಲ್ಲಿ ಫುಟ್ಬಾಲ್ ನೋಡುವಾಗ ನನ್ನ ಬಲಗಾಲು ನನ್ನ ಮಾತು ಕೇಳುವುದಿಲ್ಲ. ಮಡಿಲಲ್ಲಿ ಅವಲಕ್ಕಿಯ ತಟ್ಟೆಯಿಟ್ಟುಕೊಂಡು ಸೋಫಾದ ಮೇಲೆ ಪರಮ ಸಜ್ಜನನಂತೆ ಕುಳಿತಿರುತ್ತೇನೆ. ಸಮುದ್ರಗಳಾಚೆ ಯಾರೋ ಪುಣ್ಯಾತ್ಮ ಚೆಂಡನ್ನು ಗೋಲಿನ ಸಮೀಪಕ್ಕೆ ತಂದರೆ ಸಾಕು, ಮಾನ್ವಿಯ ನನ್ನ ಮನೆಯಲ್ಲಿ ಈ ಕಾಲು ತಾನೇ ತಾನಾಗಿ ಮೇಲೆದ್ದು ಗಾಳಿಗೆ ಒದೆಯುತ್ತದೆ. ಎರಡು ಸಲ ಟೀಪಾಯಿ ಉರುಳಿಸಿದ ಮೇಲೆ ನನ್ನ ಹೆಂಡತಿ ಸರೋಜ ಅದನ್ನು ಕೋಣೆಯ ಇನ್ನೊಂದು ತುದಿಗೆ ಸಾಗಿಸಿ, "ಇಷ್ಟ ವರ್ಷ ಕಾಲೇಜಿನ್ಯಾಗ ಕನ್ನಡ ಹೇಳಿದವರು, ರಿಟೈರ್ ಆದ ಮ್ಯಾಲ ಸಾಮಾನಿಗೆ ಒದಿಯಾಕತ್ತೀರಲ್ರಿ" ಎಂದು ತೀರ್ಪು ಕೊಟ್ಟಳು. ಅಂದಿನಿಂದ ಚಹಾದ ಕಪ್ಪನ್ನು ನೆಲದ ಮೇಲಿಟ್ಟುಕೊಳ್ಳುತ್ತಿದ್ದೇನೆ.

ಇಷ್ಟೆಲ್ಲ ಒದ್ದರೂ ಆಟ ನನಗೆ ಪೂರ್ತಿ ತಿಳಿಯುತ್ತದೆಂದು ನೀವು ಭಾವಿಸಬಾರದು. ಆಫ್‌ಸೈಡ್ ಎಂಬ ನಿಗೂಢ ತತ್ತ್ವವನ್ನು ಅಲಂಕಾರಶಾಸ್ತ್ರದ ಅನೌಚಿತ್ಯಕ್ಕೆ ಸಮೀಕರಿಸಿಕೊಂಡು, ಇರಬಾರದ ಜಾಗದಲ್ಲಿ ಇರಬಾರದ ಹೊತ್ತಿಗೆ ಇರುವುದೇ ಆಫ್‌ಸೈಡು ಎಂದು ಬಹಳ ಕಾಲದಿಂದ ಸಮಾಧಾನದಿಂದಿದ್ದೇನೆ. ನನಗೆ ಚೆನ್ನಾಗಿ ಅರ್ಥವಾಗುವುದು ಆಟದ ನಡುವೆ ಕೋಟು ತೊಟ್ಟವರು ಕುಳಿತು ಆಡುವ ಮಾತು, ಯಾಕೆಂದರೆ ಅದು ಬಹುಪಾಲು ಹಣದ ಮಾತು. ಇಂಗ್ಲೆಂಡಿನಲ್ಲಿ ಮೇಲಿನ ವಿಭಾಗದ ಕಟ್ಟಕಡೆಯ ತಂಡಕ್ಕೆ ಬರುವ ಟೀವಿ ಹಣದ ಹತ್ತಿರಕ್ಕೂ ಅದರ ಕೆಳಗಿನ ವಿಭಾಗದ ಮೊದಲ ತಂಡ ಸುಳಿಯಲಾರದಂತೆ. ಮೇಲಿನಿಂದ ಜಾರಿದವರಿಗೆ ಪೆಟ್ಟಾಗದಿರಲೆಂದು ಕೆಲವು ವರ್ಷ ಸಾಂತ್ವನದ ಹಣವನ್ನೂ ಕೊಡುತ್ತಾರಂತೆ. ಮೊದಲಿನಿಂದಲೂ ಕೆಳಗೇ ಇದ್ದವರಿಗೆ ಆ ಸಾಂತ್ವನವಿಲ್ಲ. ಬೀಳುವುದಕ್ಕೂ ಒಂದು ಯೋಗ್ಯತೆ ಬೇಕು, ಮೊದಲು ಮೇಲಿದ್ದಿರಬೇಕು.

ಇದನ್ನು ತಿಳಿಯಲು ಮಾನ್ವಿಯವರಿಗೆ ಕೋಟು ತೊಟ್ಟವರ ನೆರವು ಬೇಕಿಲ್ಲ. ನಮ್ಮದು ಕಾಲುವೆಯ ಕೆಳಭಾಗ. ನೀರು ಬಿಟ್ಟರೆಂಬ ಸುದ್ದಿ ಮೊದಲು ತಲುಪುತ್ತದೆ, ನೀರು ಆಮೇಲೆ ತಲುಪುತ್ತದೆ, ಕೆಲವು ವರ್ಷ ಸುದ್ದಿಯಷ್ಟೇ ತಲುಪುತ್ತದೆ. ಟೀವಿಯ ಹಣವೂ ಇದೇ ಕಾಲುವೆಯ ಜಾಯಮಾನದ್ದು. ನಾನಾದರೂ ಯಾವ ಲೆಕ್ಕದವನು? ಜಿಲ್ಲೆಯ ಕವಿಗೋಷ್ಠಿಗಳಲ್ಲಿ ನನ್ನ ಸರದಿ ಬರುವುದು ಯಾವಾಗಲೂ ಊಟವಾದ ಮೇಲೆ, ಸಭಿಕರಲ್ಲಿ ಅರ್ಧ ಜನ ಕೈತೊಳೆಯಲು ಹೋಗಿ ಉಳಿದರ್ಧ ಜನ ತೂಕಡಿಸುವ ಶುಭಮುಹೂರ್ತದಲ್ಲಿ. ಸಾಹಿತ್ಯದಲ್ಲೂ ನಾನು ಬಿ ವಿಭಾಗದವನೇ.

ಹಾಗಾಗಿಯೇ ಇರಬೇಕು, ಚೀಕಲಪರ್ವಿಯವರು ತಮ್ಮ ಫುಟ್ಬಾಲ್ ತಂಡಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದು. ಅದು ನಾನು ಹುಟ್ಟಿದೂರು, ತುಂಗಭದ್ರೆಯ ದಂಡೆ. ತಂಡ ಕಟ್ಟಿದವನು ದುರ್ಗಪ್ಪ, ಅಲ್ಲಿಯವನೇ, ಸಾಲೆಯ ದೈಹಿಕ ಶಿಕ್ಷಕ. ಅವರಪ್ಪ ಕಂಡವರ ಗದ್ದೆಯಲ್ಲಿ ದುಡಿದವನು. ಮಗ ಹಾಸ್ಟೆಲಿನಲ್ಲಿದ್ದು ಓದಿ, ಓದಿನ ಜೊತೆಗೆ ಈ ಆಟವನ್ನೂ ಊರಿಗೆ ತಂದ. ನನ್ನ ಏಕೈಕ ಅರ್ಹತೆ ಅರ್ಜಿ ಬರೆಯುವುದು. ತಂಡಕ್ಕೆ ಸ್ವಂತ ಮೈದಾನವಿಲ್ಲ. ಭತ್ತ ಕೊಯ್ದ ಮೇಲೆ ಮತ್ತೆ ನೀರು ಬರುವತನಕ ಗದ್ದೆಯೇ ಮೈದಾನ, ನೀರು ಬಂದ ದಿನ ನಮ್ಮ ಗೋಲಿನ ಜಾಗದಲ್ಲಿ ನಾಟಿ ಶುರುವಾಗುತ್ತದೆ.

ಜಿಲ್ಲಾ ಲೀಗಿನಲ್ಲಿ ಎ, ಬಿ ಎಂಬ ಎರಡು ವಿಭಾಗಗಳು ಮೊದಲಿನಿಂದಲೂ ಇದ್ದವು. ಎ ಎಂದರೆ ಹೆಚ್ಚುಕಡಿಮೆ ರಾಯಚೂರು ನಗರ, ಬಿ ಎಂದರೆ ಮಾನ್ವಿ, ದೇವದುರ್ಗದ ಕಡೆಯ ನಾವು. ಆಗೆಲ್ಲ ಎರಡೂ ಕಡೆಯವರ ಬೂಟು ಒಂದೇ ಸಮ ಹರಿದಿರುತ್ತಿದ್ದವು. ಆಮೇಲೆ ನಗರದ ಕೇಬಲ್ ಚಾನಲ್ಲೊಂದು ಎ ವಿಭಾಗದ ಪಂದ್ಯಗಳನ್ನು ತೋರಿಸತೊಡಗಿ ಆ ತಂಡಗಳಿಗೆ ಮಾತ್ರ ಹಣ ಹಂಚಿತು. ಅವರಿಗೆ ಬಣ್ಣದ ಬೂಟು ಬಂತು, ಬಸ್ಸು ಬಂತು. ಮರುವರ್ಷ ಆ ಬಸ್ಸಿನಲ್ಲೇ ನಮ್ಮ ಇಬ್ಬರು ಒಳ್ಳೆಯ ಆಟಗಾರರು ಹತ್ತಿ ಹೋದರು. ಬಿ ವಿಭಾಗಕ್ಕೆ ಪಂದ್ಯಕ್ಕೊಂದು ಪೆಟ್ಟಿಗೆ ನೀರಿನ ಬಾಟಲಿ, ಅದೂ ಪಂದ್ಯ ಮುಗಿದ ಮೇಲೆ. ಒಂದೇ ಒಂದು ವರ್ಷ ಮೇಲೆ ಹೋದರೆ ಆ ಪಾಲಿನಲ್ಲಿ ಊರ ಹೊರಗೆ ಉಳುಮೆಯಿಲ್ಲದೆ ಪಡ ಬಿದ್ದ ಜಾಗ ಸಮ ಮಾಡಿಸಿ ನಮ್ಮದೇ ಮೈದಾನ ಮಾಡಬಹುದು ಎಂಬುದು ದುರ್ಗಪ್ಪನ ಒಂದೇ ಆಸೆಯಾಗಿತ್ತು.

ನಮ್ಮಲ್ಲಿಯೂ ಆಟಗಾರರಿಗೆ ಹಣ ಬರುವ ದಾರಿಯೊಂದಿದೆ. ಬಯಲಾಟದಲ್ಲಿ ಪಾತ್ರಧಾರಿಯನ್ನು ಮೆಚ್ಚಿದವರು ಬಂದು ನೋಟನ್ನು ಅವನ ಎದೆಗೆ ಪಿನ್ನಿನಿಂದ ಚುಚ್ಚಿ ಆಯೇರಿ ಮಾಡುವುದನ್ನು ನೀವು ಕಂಡಿರಬಹುದು. ಕೊಟ್ಟವರ ಹೆಸರು ಮೈಕಿನಲ್ಲಿ ಪೂರ್ತಿ ಮುಗಿಯುವವರೆಗೆ ಪಾತ್ರಧಾರಿ, ಅವನು ಭೀಮನೇ ಆಗಿರಲಿ ಕೀಚಕನೇ ಆಗಿರಲಿ, ಕೈಜೋಡಿಸಿ ನಿಂತಿರಬೇಕು. ನಡುವೆ ಕದಲಿದರೆ ಕೊಟ್ಟವರಿಗೆ ಅವಮಾನ. ಈ ಪದ್ಧತಿ ಗೊತ್ತೇ ಆಗದಂತೆ ನಮ್ಮ ಫುಟ್ಬಾಲಿಗೂ ಬಂದುಬಿಟ್ಟಿದೆ. ಇದರ ಒಂದು ಗುಣ ನನಗೆ ತುಂಬ ಹಿಡಿಸುತ್ತದೆ: ಆಯೇರಿಗೆ ಗೆದ್ದವರು ಸೋತವರು ಎಂಬ ಭೇದವಿಲ್ಲ, ಚೆನ್ನಾಗಿ ಆಡಿ ಸೋತವನ ಎದೆಗೇ ಹೆಚ್ಚು ನೋಟು ಬಿದ್ದದ್ದುಂಟು.

ಈಗ ಆ ಪಂದ್ಯಕ್ಕೆ ಬರುತ್ತೇನೆ. ಎ ವಿಭಾಗದ ಕೊನೆಯ ತಂಡಕ್ಕೂ ಬಿ ವಿಭಾಗದ ಮೊದಲ ತಂಡಕ್ಕೂ ವರ್ಷದ ಕಡೆಗೆ ರಾಯಚೂರಿನಲ್ಲಿ ಒಂದು ಪಂದ್ಯ ನಡೆಯುತ್ತದೆ. ಕೆಳಗಿನವರು ಗೆದ್ದರೆ ಮೇಲೆ ಹೋಗುತ್ತಾರೆ; ಸಮವಾದರೆ ಮೇಲಿನವರು ಮೇಲೆಯೇ ಉಳಿಯುತ್ತಾರೆ. ಕಳೆದ ವರ್ಷ ಆ ಪಂದ್ಯ ನಮ್ಮದಾಯಿತು. ಎರಡು ಕ್ರೂಸರ್ ಗಾಡಿಗಳಲ್ಲಿ ಹೋದೆವು. ಮೈಕಿನ ಮೌಲಾಸಾಬರು ಹೆಗಲಿಗೆ ತೂಗುಹಾಕುವ ಬ್ಯಾಟರಿ ಮೈಕು ತಂದಿದ್ದರು. ಮಂಡಾಳ ವಗ್ಗರಣಿ, ಮಿರ್ಚಿ ಮಾರುವ ಯಲ್ಲವ್ವ ಅಂಗಡಿಯನ್ನೇ ಹೇರಿಕೊಂಡು ಬಂದಿದ್ದಳು. ಜೀವನದಲ್ಲಿ ಮೊದಲ ಸಲ ನಮ್ಮ ಕಡೆಗೆ ಕ್ಯಾಮೆರಾ ತಿರುಗಿತ್ತು, ನಾನು ಮುಂಜಾನೆಯೇ ಕ್ಷೌರ ಮಾಡಿಸಿಕೊಂಡಿದ್ದೆ.

ಒಂದು ಗೋಲು ಮುಂದಿದ್ದೆವು. ಇನ್ನೇನು ಮುಗಿಯಬೇಕು ಎನ್ನುವಾಗ ಅವರಿಗೆ ಪೆನಾಲ್ಟಿ ಸಿಕ್ಕಿತು. ಗೋಲು ಕಾಯುವ ನಮ್ಮ ಗೋಲಿ ಹನುಮೇಶ ಕುರಿ ಕಾಯುವ ಮನೆತನದವನು, ಓಡುವ ಕುರಿಯ ಕಾಲು ಹಿಡಿದು ಬೆಳೆದ ಕೈ ಅವನದು. ಎಡಕ್ಕೆ ಹಾರಿ ಚೆಂಡನ್ನು ಹೊರಗೆ ತಳ್ಳಿಬಿಟ್ಟ. ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಅಷ್ಟರಲ್ಲಿ ಯಲ್ಲವ್ವ ಸೆರಗಿನ ಗಂಟು ಬಿಚ್ಚುತ್ತ ಗೋಲುಕಂಬದ ಪಕ್ಕಕ್ಕೆ ಹೋಗಿ ನಿಂತಿದ್ದಳು. ಗೆರೆ ದಾಟಲಿಲ್ಲ, ಆಕೆಗೆ ಮರ್ಯಾದೆ ಗೊತ್ತು. ಹನುಮೇಶನೇ ಕಂಬದ ಹತ್ತಿರ ಬಂದ. ಐವತ್ತರ ನೋಟು ಎದೆಗೆ ಚುಚ್ಚಿ, ಒಂದು ರೂಪಾಯಿಯ ನಾಣ್ಯವನ್ನು ಅವನ ಗವಸಿನೊಳಗಿಟ್ಟಳು. ಅವನು ಕೈಜೋಡಿಸಿ ನಿಂತ. ಮೌಲಾಸಾಬರು ಆರಂಭಿಸಿದರು: "ಶ್ರೀಮತಿ ಯಲ್ಲವ್ವ, ಗಂಡ ದಿವಂಗತ ಭೀಮಪ್ಪ, ಸಾಕೀನ್ ಚೀಕಲಪರ್ವಿ, ತಾಲೂಕ ಮಾನ್ವಿ, ಇವರು ಗೋಲಿ ಹನುಮೇಶನ ಆಟ ಮೆಚ್ಚಿ..."

"ಮೆಚ್ಚಿ" ಎನ್ನುವಷ್ಟರಲ್ಲಿ ಅವರಿಗೆ ಸಿಕ್ಕಿದ್ದ ಕಾರ್ನರಿನಿಂದ ಬಂದ ಚೆಂಡು ತೆರೆದ ಗೋಲಿನೊಳಗೆ ಹೋಗಿ ಕೂತಿತ್ತು. ಹನುಮೇಶ ಅದನ್ನು ನೋಡಿದ. ನೋಡಿದರೂ ಕದಲಲಿಲ್ಲ. "ಐವತ್ತೊಂದು ರೂಪಾಯಿ ಆಯೇರಿ ಮಾಡ್ಯಾರ" ಎಂಬುದು ಮುಗಿದ ಮೇಲೆಯೇ ಕೈ ಬಿಟ್ಟ. ರೆಫರಿಯ ತಪ್ಪೇನೂ ಇಲ್ಲ, ಕಾನೂನಿನ ಪ್ರಕಾರ ಅದು ಗೋಲೇ. ಪಂದ್ಯ ಸಮವಾಯಿತು, ನಾವು ಕೆಳಗೇ ಉಳಿದೆವು. ವಾಪಸು ಬರುವಾಗ ಯಲ್ಲವ್ವ ಒಂದೇ ಸಮನೆ ಅಳುತ್ತಿದ್ದಳು, ಹನುಮೇಶ ಆಕೆಯ ಪಕ್ಕದಲ್ಲೇ ಕುಳಿತು, "ನಿಂದೇನ್ ತಪ್ಪ ಬಿಡಬೇ ಯವ್ವಾ" ಎನ್ನುತ್ತಿದ್ದ.

ಮರುದಿನದಿಂದ ಚಾನಲ್ಲಿನವರು ಆ ತುಣುಕಿಗೆ ನಗುವ ಸದ್ದು ಸೇರಿಸಿ ಗಳಿಗೆಗೊಮ್ಮೆ ತೋರಿಸತೊಡಗಿದರು. ಮೊಬೈಲುಗಳಲ್ಲಿ ಅದು ಜಿಲ್ಲೆಯೆಲ್ಲ ತಿರುಗಿತು. ನನಗೇ ನಾಲ್ಕು ಜನ ಕಳಿಸಿದರು, ಅದರಲ್ಲಿ ಒಬ್ಬ ನನ್ನ ಶಿಷ್ಯ. ಯಲ್ಲವ್ವ ಸಂತೆಗೆ ಹೋಗುವುದನ್ನು ನಿಲ್ಲಿಸಿದಳು. ಚೆನ್ನಾಗಿ ಆಡಿದ ನಮ್ಮ ಇಡೀ ಪಂದ್ಯದಲ್ಲಿ ಅವರಿಗೆ ತೋರಿಸಲು ಸಿಕ್ಕಿದ್ದು ಅಷ್ಟೇ ಆಯಿತಲ್ಲ ಎಂದು ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ಹದಿನೈದು ದಿನ ಕಳೆದಿರಬೇಕು, ಚಾನಲ್ಲಿನ ಮಾಲೀಕರು ಕಾರು ಮಾಡಿಕೊಂಡು ಚೀಕಲಪರ್ವಿಗೇ ಬಂದರು. ದುರ್ಗಪ್ಪ, ಹನುಮೇಶ, ನಾನು ಅವರೊಡನೆ ಸಾಲೆಯ ಕಟ್ಟೆಯ ಮೇಲೆ ಕುಳಿತೆವು. ಜನ ಆ ತುಣುಕನ್ನು ಬಹಳ ಮೆಚ್ಚಿದ್ದಾರೆ, ಜಾಹೀರಾತಿನವರೂ ಕೇಳುತ್ತಿದ್ದಾರೆ, ಆದ್ದರಿಂದ ವಿಶೇಷ ಆಹ್ವಾನಿತರೆಂದು ನಮ್ಮ ತಂಡವನ್ನು ಎ ವಿಭಾಗಕ್ಕೆ ಸೇರಿಸಿಕೊಳ್ಳುವಂತೆ ಲೀಗಿನವರನ್ನು ಒಪ್ಪಿಸಿಯೇ ಬಂದಿದ್ದೇನೆ ಎಂದರು. ಹಣದಲ್ಲಿ ಪೂರ್ತಿ ಪಾಲು ಕೊಡುವ ಕಾಗದವನ್ನೂ ತಂದಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೈದಾನದ ಉದ್ಘಾಟನೆಗೆ ಭಾಷಣದ ಮೊದಲ ವಾಕ್ಯ ಕೂಡ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಆಗ ಅವರು, "ಒಂದs ಕಂಡೀಷನ್ ಅದರೀ ಸರ್. ಪ್ರತಿ ಮ್ಯಾಚಿನ್ಯಾಗೂ ಈ ಯವ್ವ ಬಂದು ನೋಟ ಚುಚ್ಚಬೇಕು, ಈತ ಕೈಮುಗದು ನಿಂದ್ರಬೇಕು. ಯವ್ವಗ ತ್ರಾಸಿಲ್ಲ, ನೋಟ ನಮ್ದ, ಪಿನ್ನೂ ನಮ್ದ" ಎಂದರು.

ಯಲ್ಲವ್ವನನ್ನು ಕರೆಸಿದ್ದರು. ಆಕೆ ಕಟ್ಟೆಯ ಕೆಳಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಸಿಟ್ಟೂ ಮಾಡದೆ, ತಿಳಿಯದವರಿಗೆ ತಿಳಿಸಿ ಹೇಳುವಂತೆ ಹೇಳಿದಳು: "ಮಂದಿ ರೊಕ್ಕ ಆಯೇರಿ ಆಗೂದಿಲ್ಲೋ ಯಪ್ಪಾ. ನಾ ಮಿರ್ಚಿ ಮಾರಿ ಗಳಿಸಿದ್ದು ಕೊಟ್ರ ಆಯೇರಿ. ನೀ ಕೊಟ್ಟಿದ್ದು ನಾ ಚುಚ್ಚಿದ್ರ ಅದು ಯಾಸ."

ಯಾಸ ಎಂದರೆ ನಮ್ಮ ಕಡೆ ವೇಷ. ದುರ್ಗಪ್ಪ ಎದ್ದು ನಿಂತ. ಮೈದಾನ ಬೇಕೆಂದು ಐದು ವರ್ಷ ನನ್ನ ತಲೆ ತಿಂದವನು ಅವನೇ. "ನಮ್ಮಪ್ಪ ಮಂದಿ ನಗೂದು ಕೇಳಿಕೋತ ಕೂಲಿ ಮಾಡಿದಾನ್ರಿ. ನಾ ಓದಿದ್ದs ಅದನ್ನ ನಿಲ್ಸಾಕ. ನಮ್ಮ ಆಟ ತೋರಸ್ತೀವಿ ಅನ್ರಿ, ನಾಳೆನ ಬರ್ತೀವಿ. ನಗಸಾಕ ನಾವು ಬರಂಗಿಲ್ಲ. ಇಲ್ಲೇ ಬಿ ವಿಭಾಗದಾಗ ಇರ್ತೀವಿ, ಹೋಗ್ರಿ" ಎಂದ. ಮಾಲೀಕರು ನನ್ನ ಕಡೆ ನೋಡಿದರು, ಅಧ್ಯಕ್ಷನಾದವನು ವಿವೇಕ ಹೇಳಿಯಾನು ಎಂದು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಬದುಕಿನಲ್ಲಿ ಎಷ್ಟೋ ಬರೆದಿದ್ದೇನೆ, ಬರೆಯದೆ ಬಿಟ್ಟ ಈ ಒಂದು ಸಹಿಯಷ್ಟು ಹೆಮ್ಮೆ ಅದ್ಯಾವುದರ ಮೇಲೂ ನನಗಿಲ್ಲ.

ಕೆಳಗಿರುವವರು ಮೇಲೇರಲು ಹವಣಿಸುತ್ತಲೇ ಇರಬೇಕೆಂದು ಮೇಲಿನವರು ನಂಬಿದ್ದಾರೆ. ನಾವು ಏರಿದರೂ ಸರಿ, ಬಾಗಿ ಏರಬೇಕೆಂಬುದು ಅವರ ಆಸೆ. ಕಾಲುವೆಯ ಕೆಳಭಾಗದವರು ನೀರು ಕೇಳುತ್ತೇವೆ, ಅದು ನಮ್ಮ ಹಕ್ಕು, ಮುಂದೆಯೂ ಕೇಳುತ್ತೇವೆ. ಬಿ ವಿಭಾಗಕ್ಕೂ ಪಾಲು ಕೊಡಿ ಎಂದು ಲೀಗಿಗೆ ಅಂದಿನಿಂದ ತಿಂಗಳಿಗೊಂದು ಅರ್ಜಿ ಬರೆಯುತ್ತಿದ್ದೇನೆ, ಪ್ರತಿ ಸಲವೂ ಹಿಂದಿನದಕ್ಕಿಂತ ಕಟುವಾಗಿ. ಉತ್ತರ ಬಂದಿಲ್ಲ. ನನ್ನ ಕಾಗದವೂ ಮುಗಿದಿಲ್ಲ.

ಈ ವರ್ಷದ ಮೊದಲ ಪಂದ್ಯ ಮಾನ್ವಿಯಲ್ಲಿ, ದೇವದುರ್ಗದವರ ಮೇಲೆ. ಎಂದೂ ಇಲ್ಲದಷ್ಟು ಜನ ಸೇರಿದ್ದರು, ಬಾಗಲವಾಡದಿಂದಲೂ ಬಂದಿದ್ದರು. ಎಲ್ಲರೂ ಆಟ ನೋಡಲು ಬಂದವರಲ್ಲ, ಅದು ನನಗೆ ಗೊತ್ತಿತ್ತು. ಯಲ್ಲವ್ವ ಕಂಡೊಡನೆ ಮೊಬೈಲುಗಳು ಮೇಲೆದ್ದವು. ಯಲ್ಲವ್ವ ಬರುವುದೇ ಇಲ್ಲವೆಂದಿದ್ದಳು, ಹನುಮೇಶ ಹಟ ಹಿಡಿದು ಕರೆತಂದಿದ್ದ. ಎರಡನೆಯ ಅರ್ಧದಲ್ಲಿ ಅವನು ಒಂದು ಹೊಡೆತವನ್ನು ಬೆರಳ ತುದಿಯಲ್ಲಿ ಹೊರಗೆ ತಳ್ಳಿದ. ಜನ ಕೂಗಿಕೊಂಡರು. ಯಲ್ಲವ್ವ ಕುಳಿತಲ್ಲೇ ಕುಳಿತಿದ್ದಳು. ಹನುಮೇಶ ಚೆಂಡಿನ ಕಡೆ ನೋಡದೆ ಆಕೆಯ ಕಡೆಗೇ ತಿರುಗಿ, ಎಲ್ಲರಿಗೂ ಕೇಳುವಂತೆ, "ಯವ್ವಾ, ನನ್ನ ಆಯೇರಿ ಎಲ್ಲಿ?" ಎಂದ.

ಆಕೆ ಎದ್ದು ಹೋಗಿ ಕಂಬದ ಪಕ್ಕ ನಿಂತಳು. ಅವನು ಬಂದು ಕೈಜೋಡಿಸಿದ. ಮೌಲಾಸಾಬರು ಒಂದಕ್ಷರವನ್ನೂ ಬಿಡದೆ ಗಂಡನ ಹೆಸರನ್ನೂ ಸೇರಿಸಿ ಆರಂಭಿಸಿದರು. ಅತ್ತ ಕಾರ್ನರಿನ ಚೆಂಡು ಹಾರಿ ಬಂದು ದೇವದುರ್ಗದ ಶರಣಪ್ಪನ ಕಾಲಬಳಿ ಬಿತ್ತು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಆಳು, ಎದುರಿಗೆ ಖಾಲಿ ಗೋಲು, ನಾಲ್ಕು ಹೆಜ್ಜೆ ದೂರ. ಮೊಬೈಲು ಹಿಡಿದವರೆಲ್ಲ ಉಸಿರು ಬಿಗಿಹಿಡಿದರು.

ಶರಣಪ್ಪ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟ. ನಮ್ಮವರಲ್ಲೊಬ್ಬನೂ ಅದನ್ನು ಕಸಿಯಲು ಹೋಗಲಿಲ್ಲ. ರೆಫರಿ ಪೀಪಿಯನ್ನು ಬಾಯಲ್ಲಿಟ್ಟುಕೊಂಡು ಊದದೆ ನಿಂತರು. "ಸಾಕೀನ್ ಚೀಕಲಪರ್ವಿ, ತಾಲೂಕ ಮಾನ್ವಿ" ಎಂಬುದರಿಂದ ಹಿಡಿದು "ಆಯೇರಿ ಮಾಡ್ಯಾರ" ಎನ್ನುವವರೆಗೆ ಮೈದಾನದಲ್ಲಿ ಮೌಲಾಸಾಬರದು ಬಿಟ್ಟರೆ ಬೇರೆ ದನಿಯಿರಲಿಲ್ಲ. ಹನುಮೇಶ ಓಡಿಬಂದು ಗೋಲಿನ ನಡುವೆ ಕೈಯಗಲಿಸಿ ನಿಂತ.

"ಆತೇನಣ್ಣಾ?" ಎಂದು ಕೇಳಿದ ಶರಣಪ್ಪ.

"ಆತಲೇ. ಹೊಡಿ ಈಗ."

ಹೊಡೆದ. ಹನುಮೇಶ ಪೂರ್ತಿ ಮೈಚಾಚಿ ಹಾರಿದ, ಸಿಗಲಿಲ್ಲ, ಗೋಲಾಯಿತು. ಆ ಒಂದು ಗೋಲಿನಿಂದಲೇ ನಾವು ಸೋತೆವು. ದೇವದುರ್ಗದವರು ಶರಣಪ್ಪನನ್ನು ಎತ್ತಿಕೊಳ್ಳಲು ಓಡಿ ಬರುತ್ತಿದ್ದರು. ಅವರಿಗಿಂತ ಮುಂಚೆ ಯಲ್ಲವ್ವ ಸೆರಗಿನ ಗಂಟನ್ನು ಮತ್ತೆ ಬಿಚ್ಚುತ್ತ ಅವನ ಕಡೆಗೆ ಹೊರಟಿದ್ದಳು. ಅವನು ಓಡುವುದನ್ನು ನಿಲ್ಲಿಸಿ ಕೈಜೋಡಿಸಿದ. ನಮ್ಮ ಹುಡುಗರು ಚೆಂಡನ್ನು ನಡುಗೆರೆಯ ಮೇಲಿಟ್ಟು, ಹೆಸರು ಮುಗಿಯುವವರೆಗೆ ಕಾದರು.