ಮಲಿಕಸಾಬರ ಮನೆಯ ಕೆಂಪು ದೀಪ

ತಾವರಗೇರಾದಲ್ಲಿ ಮನೆಯ ಇಂಟರ್ನೆಟ್ ಕೈಕೊಟ್ಟರೆ ಜನ ಮೊದಲು ಫೋನ್ ಮಾಡುತ್ತಿದ್ದದ್ದು ಲೈನ್ ರಿಪೇರಿಯ ಪಂಪಣ್ಣನಿಗೆ. ಮೋಡೆಮ್ಮಿನ ಬೆನ್ನಿಗೆ ಆಫೀಸಿನ ನಂಬರು ಅಂಟಿಸಿದ್ದರೂ ಅದನ್ನು ಯಾರೂ ನೋಡುತ್ತಿರಲಿಲ್ಲ. ಅವನು ಕಂಬದ ಮೇಲಿದ್ದಾಗ ಫೋನು ಹೆಂಡತಿ ಲಲಿತಾಳ ಕೈಯಲ್ಲಿ ಇರುತ್ತಿತ್ತು. ಒಂದು ಕೈಯಲ್ಲಿ ಏಣಿ ಹಿಡಿದು, "ಯಾವ ದೀಪ ಹತ್ತೈತ್ರಿ, ಹಸರೋ ಕೆಂಪೋ?" ಎಂದು ಕೇಳಿ, ಅವರು ಹೇಳಿದ್ದನ್ನು ಮೇಲಕ್ಕೆ ಕೂಗುತ್ತಿದ್ದಳು. ಅವನ ಉತ್ತರವನ್ನು ಫೋನಿಗೆ ಒಪ್ಪಿಸುತ್ತಿದ್ದಳು. ಬರಬರುತ್ತ ಉತ್ತರ ಅವಳಿಗೇ ಗೊತ್ತಿರುತ್ತಿತ್ತು, ಮೇಲಕ್ಕೆ ಕೂಗುವುದೇ ಕಡಿಮೆಯಾಯಿತು.

ಹೋದ ವರ್ಷ ಜೋಳದ ರಾಶಿಯ ಹೊತ್ತಿಗೆ ಪಂಪಣ್ಣ ತೀರಿಕೊಂಡ. ಸಾಮಾನು ತರಲು ಕುಷ್ಟಗಿಗೆ ಹೋದವನು ಅಲ್ಲಿಂದಲೇ ಲಲಿತಾಗೆ ಫೋನ್ ಮಾಡಿದ್ದ. "ಟೇಲರ್ ಮಲಿಕಸಾಬಣ್ಣನ ಮನ್ಯಾಗ ಕೆಂಪು ದೀಪ ಬಂದೈತಂತ. ಅವರ ಮಗಳಿಗೆ ಇವತ್ತ ಏನೋ ಪರೀಕ್ಷಾ ಐತಂತ. ಸೀದಾ ಅಲ್ಲಿಗೆ ಹೋಗಿ, ಆಮ್ಯಾಲೆ ಉಣ್ಣಾಕ ಬರ್ತೀನಿ." ಊರು ಇನ್ನೂ ದೂರವಿರುವಾಗಲೇ ಟಿಪ್ಪರೊಂದು ಅವನ ಬೈಕಿಗೆ ಬಡಿಯಿತು.

ಮಣ್ಣು ಮಾಡಿ ಬಂದ ಮೇಲೂ ಅವನ ಫೋನು ಸುಮ್ಮನಾಗಲಿಲ್ಲ.

"ಅದನ್ನ ಬಂದ್ ಮಾಡವ್ವ, ನನಗ ಕೇಳಾಕ ಆಗವಲ್ದು" ಎಂದಳು ಅತ್ತೆ ಕರಿಯವ್ವ.

ಬಂದ್ ಮಾಡಲೆಂದೇ ಲಲಿತಾ ಅದನ್ನು ಎತ್ತಿಕೊಂಡಳು. ಅಷ್ಟರಲ್ಲಿ ಮತ್ತೆ ರಿಂಗಾಯಿತು. "ಪಂಪಣ್ಣಾ, ನೆಟ್ ಹೋಗೈತಿ ನೋಡಪಾ" ಎಂದಿತು ಯಾರದೋ ದನಿ. ಅವರಿಲ್ಲ ಎಂದು ಹೇಳಬೇಕೆಂದುಕೊಂಡವಳ ಬಾಯಿಂದ ಬಂದದ್ದು, "ಯಾವ ದೀಪ ಹತ್ತೈತ್ರಿ?" ಆ ಮನುಷ್ಯ ನೋಡಿ ಹೇಳಿದ. ಮೋಡೆಮ್ ಆರಿಸಿ, ಸ್ವಲ್ಪ ತಡೆದು ಹಚ್ಚಲು ಹೇಳಿದಳು. ನೆಟ್ ಬಂತು. ಆಗ ವಿಷಯ ತಿಳಿಸಿದಳು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಊರಿಗೆ ನೆಟ್ ಕೊಡುವ ವೆಂಕಟೇಶ ಕೆಲವು ವಾರ ನೋಡಿ, ಅವಳನ್ನೇ ಕೆಲಸಕ್ಕೆ ಇಟ್ಟುಕೊಂಡ. ಮೊದಲು ಫೋನಿನ ಕೆಲಸ ಅಷ್ಟೇ. ಆಮೇಲೆ ಮನೆಮನೆಗೆ ಹೋಗುವುದು. ಕಂಬ ಹತ್ತುವುದನ್ನು ಕರಿಯವ್ವ ಬೇಡವೆಂದಳು, ಅತ್ತಳು, ಕೊನೆಗೆ ತಾನೇ ಬಂದು ಏಣಿ ಹಿಡಿದಳು.

ಒಂದು ದಿನ ವೆಂಕಟೇಶ ಆಫೀಸಿನ ಕಂಪ್ಯೂಟರ್ ನೋಡುತ್ತ ಹೇಳಿದ: "ಲಲಿತಕ್ಕ, ಮಲಿಕಸಾಬರ ಕನೆಕ್ಷನ್ ಅವತ್ತಿಂದ ಬಂದ್ ಐತಿ. ರಿಪೇರಿ ಮಾಡ್ರಿ ಅಂತಾನೂ ಹೇಳಿಲ್ಲ, ತಗದುಬಿಡ್ರಿ ಅಂತಾನೂ ಹೇಳಿಲ್ಲ. ಬ್ಯಾರೆದವರನ್ನ ಕಳಸ್ತೀನಿ ತಗೋ."

"ನಾನ ಹೋಗ್ತೀನಿ" ಎಂದಳು ಲಲಿತಾ.

ಮಲಿಕಸಾಬ ಅವಳನ್ನು ಬಾಗಿಲಲ್ಲಿ ಕಂಡು ಹೊಲಿಗೆ ಮಿಷನ್ನು ಬಿಟ್ಟು ಎದ್ದು ನಿಂತರು. ಅವರು ಪಂಪಣ್ಣನ ಮಣ್ಣಿಗೆ ಬಂದಿದ್ದರು, ಆದರೆ ಆಮೇಲೆ ಬಜಾರದಲ್ಲಿ ಅವಳು ಎದುರಾದರೆ ದಾರಿ ಬದಲಿಸುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಅವರ ಹೆಂಡತಿ ಜೈನಾಬೀ ನೀರು ತಂದಿಟ್ಟು, "ನಮಗ ನೆಟ್ ಬ್ಯಾಡವ್ವ. ಮಗಳು ಅವರ ದೊಡ್ಡವ್ವನ ಮನ್ಯಾಗ ಕುಂತು ಪಾಠ ನೋಡ್ತಾಳ" ಎಂದರು.

ಮಲಿಕಸಾಬ ನೆಲ ನೋಡುತ್ತ ಹೇಳಿದರು: "ಅವತ್ತ ನಾ ಸುಮ್ನ ಇರಲಿಲ್ಲ ತಂಗಿ. ಮ್ಯಾಲಿಂದ ಮ್ಯಾಲೆ ಫೋನ್ ಮಾಡಿದೆ. ಜಲ್ದಿ ಬಾ, ಜಲ್ದಿ ಬಾ ಅಂದೆ."

ಲಲಿತಾ ಹೆಗಲ ಮೇಲಿನ ಚೀಲ ಕೆಳಗಿಟ್ಟಳು. "ಅಣ್ಣಾರ, ಅವರು ಒಪ್ಪಿಕೊಂಡ ಕೆಲಸದಾಗ ಇದೊಂದ ಉಳದೈತಿ. ಬ್ಯಾಡ ಅನಬ್ಯಾಡ್ರಿ."

ಹೊರಗಿನ ಪೆಟ್ಟಿಗೆಯಲ್ಲಿ ಮೀಟರ್ ಹಚ್ಚಿ ನೋಡಿದಳು. ಕಂಬದಿಂದ ನೆಟ್ ಹೊತ್ತು ತರುವ ಬೆಳಕು ಸರಿಯಾಗಿ ಬರುತ್ತಿತ್ತು. ಹಾಗಾದರೆ ತೊಂದರೆ ಮನೆಯ ಒಳಗೇ. ಮೋಡೆಮ್ ಹಚ್ಚಿದಳು, ಕೆಂಪು ದೀಪವೇ ಬಂತು. ಮೋಡೆಮ್ಮಿಗೆ ಹೋಗುವ ಹಳದಿ ತಂತಿಯ ಮೇಲೆ ಬೆರಳಾಡಿಸುತ್ತ ನಡೆದಳು. ತಿಜೋರಿಯ ಹಿಂದೆ ಅದು ಗೋಡೆಗೆ ಒತ್ತಿ ಮಡಚಿಕೊಂಡಿತ್ತು. ಆ ಪರೀಕ್ಷೆಯ ಹಿಂದಿನ ದಿನ ಮನೆಗೆ ಸುಣ್ಣ ಹೊಡೆಸಿ ತಿಜೋರಿ ಸರಿಸಿದ್ದಾಗಿ ಜೈನಾಬೀ ಹೇಳಿದರು. ಅವಳು ಹೆಗಲು ಕೊಟ್ಟು ತಿಜೋರಿಯನ್ನು ಒಂದಿಷ್ಟು ಮುಂದಕ್ಕೆ ದೂಡಿ ತಂತಿ ಬಿಡಿಸಿದಳು. ಕೆಂಪು ದೀಪ ಆರಿತು. ಹಸಿರು ದೀಪ ಮಿಣುಕಿ, ನಿಂತಿತು.

ಇಷ್ಟೇ ಇತ್ತು. ಮನೆಯಲ್ಲಿ ಏನಾದರೂ ಸರಿಸಿದ್ದೀರಾ ಎಂದು ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ದಿನಾ ಕೇಳುವ ಮಾತು. ಅವತ್ತು ಹುಡುಗಿಯ ಪರೀಕ್ಷೆ ಎಂದು ಪಂಪಣ್ಣ ಅವಸರದಲ್ಲಿ ಕೇಳಿರಲಿಲ್ಲ, ಬಂದೆ ಅಂದಿದ್ದ.

ಲಲಿತಾ ಗೋಡೆಗೆ ಮುಖ ಮಾಡಿ ಹಾಗೇ ಕೂತಳು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಹಿಂದಿನಿಂದ ಮಲಿಕಸಾಬ ಕೇಳಿದರು, "ಏನಾಗಿತ್ತು ತಂಗಿ?"

ಅವಳು ಆ ತಂತಿಯನ್ನು ಕಿತ್ತು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಹೊಸದೊಂದನ್ನು ತೆಗೆದು ಜೋಡಿಸುತ್ತ ಹೇಳಿದಳು, "ಒಳಗಿನ ಗಾಜಿನ ಎಳಿ ಮುರದಿತ್ರಿ. ಹೊರಗಿಂದ ಕಾಣಂಗಿಲ್ಲ."

"ಫೋನಿನ್ಯಾಗ ಹೇಳಿದ್ರ ಆಗ್ತಿರಲಿಲ್ಲೇನು?"

"ಇಲ್ರಿ."

"ಅಂವ ಬರಾಕಬೇಕಿತ್ತಾ?"

"ಬರಾಕಬೇಕಿತ್ರಿ ಅಣ್ಣಾರ. ನೀವು ಕರದದ್ದರಾಗ ತಪ್ಪಿರಲಿಲ್ಲ."

ಮಲಿಕಸಾಬ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತರು. ಮುಂದಿದ್ದ ಯಾರದೋ ಅರೆಹೊಲಿದ ಜಂಪರ್‌ನಲ್ಲಿ ಮುಖ ಮುಚ್ಚಿಕೊಂಡರು. ಜೈನಾಬೀ ಲಲಿತಾಳ ತಲೆಯ ಮೇಲೆ ಕೈ ಇಟ್ಟರು.

ಮನೆಗೆ ಬಂದು ಊಟಕ್ಕೆ ಕೂತಾಗ ಲಲಿತಾ ಕರಿಯವ್ವನಿಗೆ ಇದ್ದದ್ದು ಇದ್ದಹಾಗೆ ಹೇಳಿದಳು. ಕರಿಯವ್ವ ಕೈಯಲ್ಲಿದ್ದ ರೊಟ್ಟಿಯನ್ನು ಗಂಗಾಳದಲ್ಲಿ ಇಟ್ಟು ಬಾಗಿಲ ಕಡೆ ನೋಡುತ್ತ ಕೂತಳು. ಕಡೆಗೆ, "ಅವರಿಗೆ ಯಾವತ್ತೂ ಗೊತ್ತಾಗೋದು ಬ್ಯಾಡವ್ವ" ಎಂದಳು.

"ನಮಗ ಗೊತ್ತಾತಲ್ಲ, ಅತ್ತಿ."

"ಅದನ್ನ ಹೊರಾಕ ನಾವು ಇಬ್ಬರದೀವಲ್ಲ" ಎಂದಳು ಮುದುಕಿ.

ಎಷ್ಟೋ ದಿನದ ಮೇಲೆ ಅವತ್ತು ಇಬ್ಬರೂ ಕೂಡಿ ಅತ್ತರು.

ಮುಂಗಾರು ಹಿಡಿದ ಮೇಲೆ ಒಂದು ಮುಂಜಾನೆ ಮಲಿಕಸಾಬರ ಫೋನ್ ಬಂತು. ಲಲಿತಾ ಗಾಬರಿಯಿಂದ ಎತ್ತಿದಳು.

"ಏನ್ ತಂಗಿ, ನಿಮ್ಮ ನೆಟ್ ಭಾಳ ಸ್ಲೋ ಆಗೈತಿ. ಮಗಳು ಬೆಳಗಿಂದ ನನ್ನ ತಲಿ ತಿನ್ನಾಕತ್ತಾಳ. ಬಂದು ನೋಡ್ತೀಯೋ ಇಲ್ಲೋ?" ಎಂದು ಎಲ್ಲರ ಹಾಗೆ ಜೋರು ಮಾಡಿದರು.

"ಕೈಯಾಗಿನ ಕೆಲಸ ಮುಗಿಸಿ ಬರ್ತೀನ್ರಿ" ಎಂದಳು ಲಲಿತಾ.